ಆ ಅಧಿಕಾರಿಯ ಹೆಸರು ನೋಟಿಸ್ ಬೋರ್ಡಿಗೆ ಬರಲಿ

ಗದಗ ತಾಲ್ಲೂಕಿನ ಕೋಟುಮಚಗಿಯಲ್ಲಿ ಸಾವಿರ ವರ್ಷದ ಹಿಂದೆಯೇ ಪಾಠಶಾಲೆ ಇತ್ತು. ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಕಾಲದ, ಕ್ರಿ.ಶ. 1012ರ ಶಾಸನ ಅದಕ್ಕೆ ಸಾಕ್ಷಿ. ಊರು ಆಗ ಅಗ್ರಹಾರ. ಓದಿಸುವವರಿಗೆ ಬಿಟ್ಟ ಭೂಮಿಯ ಲೆಕ್ಕ ಆ ಕಲ್ಲಿನಲ್ಲಿದೆ. ಬೈದವನಿಗೆ ಒಂದು ದಂಡ, ಹೊಡೆದವನಿಗೆ ಇನ್ನೊಂದು, ಕಠಾರಿ ಹಿರಿದವನಿಗೆ ಮತ್ತೊಂದು ಎಂಬ ವಿವರವೂ ಅದರಲ್ಲೇ ಇದೆ. ಯಾವುದು ತಪ್ಪು, ಅದಕ್ಕೆ ಶಿಕ್ಷೆ ಏನು ಎಂಬುದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿಡಬೇಕೆಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. ಆದರೆ ಅಗ್ರಹಾರದ ವಿದ್ಯೆ ಊರಿನ ಎಲ್ಲ ಮಕ್ಕಳ ಪಾಲಿಗೆ ಬಂದದ್ದಲ್ಲ. ಕೇರಿಯ, ತಾಂಡಾದ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದು ಸಂವಿಧಾನ ಬಂದ ಮೇಲೆ.

ಹಾಗೆ ಹತ್ತಿದವರನ್ನು ಒಳಗೆ ಹೇಗೆ ನಡೆಸಿಕೊಳ್ಳಲಾಗುತ್ತಿದೆ ಎಂಬುದೇ ಈಗಿನ ಜಗಳದ ಮೂಲ.

2026ರ ಜನವರಿ 13ರಂದು ವಿಶ್ವವಿದ್ಯಾಲಯ ಅನುದಾನ ಆಯೋಗ ಕಾಲೇಜುಗಳಲ್ಲಿ ಸಮಾನತೆಗಾಗಿ ಹೊಸ ನಿಯಮಾವಳಿ ಹೊರಡಿಸಿತು. ಪ್ರತಿ ಸಂಸ್ಥೆಯಲ್ಲಿ ಸಮಾನ ಅವಕಾಶ ಕೇಂದ್ರ, ದೂರು ಕೇಳುವ ಸಮಿತಿ, ಹಗಲು-ರಾತ್ರಿ ಸಹಾಯವಾಣಿ ಇರಬೇಕು ಎಂದಿತು. ಪರಿಶಿಷ್ಟರ ಜೊತೆಗೆ ಹಿಂದುಳಿದ ವರ್ಗಗಳನ್ನೂ ಜಾತಿ ತಾರತಮ್ಯದ ವ್ಯಾಖ್ಯೆಯೊಳಗೆ ತಂದಿತು. ಕೂಡಲೇ ಬೀದಿಯಲ್ಲಿ ಪ್ರತಿಭಟನೆ ಶುರುವಾಯಿತು: ಸಾಮಾನ್ಯ ವರ್ಗದವರಿಗೆ ರಕ್ಷಣೆ ಇಲ್ಲ, ಸುಳ್ಳು ದೂರಿಗೆ ಶಿಕ್ಷೆ ಇಲ್ಲ, ದುರುಪಯೋಗ ಖಂಡಿತ. ಜನವರಿ 29ರಂದು ಸುಪ್ರೀಂ ಕೋರ್ಟ್ ನಿಯಮಾವಳಿಗೆ ತಡೆ ನೀಡಿತು. ಭಾಷೆ ಅಸ್ಪಷ್ಟವಾಗಿದೆ, ದುರುಪಯೋಗಕ್ಕೆ ಎಡೆಯಿದೆ ಎಂದಿತು.

ತಡೆಯ ಸುದ್ದಿಗೆ ಪಟಾಕಿ ಹಚ್ಚಿದವರೂ, ಎದೆ ಒಡೆದುಕೊಂಡವರೂ ಅದೇ ಆದೇಶದ ಇನ್ನೊಂದು ಮಾತನ್ನು ಅಷ್ಟಾಗಿ ಗಮನಿಸಲಿಲ್ಲ. 2012ರ ನಿಯಮಾವಳಿ ಜಾರಿಯಲ್ಲಿ ಮುಂದುವರಿಯಬೇಕು ಎಂದು ಕೋರ್ಟ್ ಹೇಳಿತ್ತು. ಆ ಹಳೆಯ ನಿಯಮಗಳು ಹೊಸವಕ್ಕಿಂತ ಹೆಚ್ಚು ಬಿಚ್ಚುಮಾತಿನವು. ತರಗತಿಯಲ್ಲಿ ವಿದ್ಯಾರ್ಥಿಯ ಜಾತಿಯನ್ನು ಎಲ್ಲರೆದುರು ಹೇಳುವುದು ತಪ್ಪು. ಮೀಸಲಾತಿಯವನು ಎಂದು ಹಣೆಪಟ್ಟಿ ಹಚ್ಚುವುದು ತಪ್ಪು. ಉತ್ತರಪತ್ರಿಕೆ ತಿದ್ದುವಾಗ ಜಾತಿ ನೋಡುವುದು, ವಿದ್ಯಾರ್ಥಿವೇತನ ತಡೆಹಿಡಿಯುವುದು, ಹಾಸ್ಟೆಲ್ಲಿನಲ್ಲಿ, ಊಟದ ಮನೆಯಲ್ಲಿ ಬೇರೆ ಕೂರಿಸುವುದು, ಇವೆಲ್ಲ ತಪ್ಪು. ದೂರು ಕೇಳಲು ತಾರತಮ್ಯ ತಡೆ ಅಧಿಕಾರಿ ಇರಬೇಕು. ಅರವತ್ತು ದಿನಗಳಲ್ಲಿ ತೀರ್ಮಾನ ಹೇಳಬೇಕು.

ಈ ಪಟ್ಟಿಯ ಮೊದಲ ಸಾಲನ್ನೇ ನೋಡಿ. ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನ ಬಂದಾಗ ಗುಮಾಸ್ತರು ತರಗತಿಯ ಬಾಗಿಲಲ್ಲಿ ನಿಂತು, ‘ಎಸ್‌ಸಿ, ಎಸ್‌ಟಿ ಹುಡುಗರು ಎದ್ದು ನಿಲ್ಲಿ’ ಅನ್ನುವುದು ಎಷ್ಟೋ ಕಾಲೇಜುಗಳಲ್ಲಿ ರೂಢಿಯ ಮಾತು. ಕರೆದವರ ಮನಸ್ಸಿನಲ್ಲಿ ಕೆಡುಕು ಇರಲಿಕ್ಕಿಲ್ಲ, ಕೆಲಸ ಬೇಗ ಮುಗಿಯಲಿ ಎಂಬುದಷ್ಟೇ ಇರಬಹುದು. ಎದ್ದು ನಿಂತ ಹುಡುಗಿಗೆ ಮಾತ್ರ ಅಂದಿನಿಂದ ಆ ಕೋಣೆ ಮೊದಲಿನಂತಿರುವುದಿಲ್ಲ. ಅಂಕ ಹೆಚ್ಚು ಬಂದರೂ ‘ಕೋಟಾ’, ಕಡಿಮೆ ಬಂದರೂ ‘ಕೋಟಾ’. ಹೆಸರುಗಳ ಪಟ್ಟಿಯನ್ನು ಕಚೇರಿಯಲ್ಲೇ ಇಟ್ಟುಕೊಂಡು ಒಬ್ಬೊಬ್ಬರನ್ನೇ ಕರೆಯಲು ಹೆಚ್ಚು ಹೊತ್ತೇನೂ ಬೇಕಿಲ್ಲ.

ಇಂಥ ಸಣ್ಣ ಅವಮಾನಗಳು ಕೂಡಿ ಎಲ್ಲಿಗೆ ಒಯ್ಯುತ್ತವೆ ಎಂಬುದನ್ನು ದೇಶ ಕಂಡಿದೆ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಅವರ ಸಂಶೋಧನಾ ವೇತನ ತಿಂಗಳುಗಟ್ಟಲೆ ಬರಲಿಲ್ಲ, ಹಾಸ್ಟೆಲ್ಲಿನಿಂದ ಹೊರಹಾಕಲಾಯಿತು, 2016ರ ಜನವರಿ 17ರಂದು ಅವರು ಇಲ್ಲವಾದರು. 2019ರ ಮೇ ತಿಂಗಳಲ್ಲಿ ಮುಂಬೈನಲ್ಲಿ ವೈದ್ಯೆ ಪಾಯಲ್ ತಡ್ವಿ ಜೀವ ಕಳೆದುಕೊಂಡರು. ರಾಧಿಕಾ ವೇಮುಲ ಮತ್ತು ಆಬಿದಾ ತಡ್ವಿ, ಮಕ್ಕಳನ್ನು ಕಳೆದುಕೊಂಡ ಈ ಇಬ್ಬರು ತಾಯಂದಿರು ಸುಪ್ರೀಂ ಕೋರ್ಟಿನಲ್ಲಿ ಕೇಳಿದ್ದು 2012ರ ನಿಯಮಗಳನ್ನು ಸರಿಯಾಗಿ ಜಾರಿ ಮಾಡಿ ಎಂದು. ಹೊಸ ನಿಯಮಾವಳಿ ಹುಟ್ಟಿದ್ದೂ ಅದೇ ಮೊಕದ್ದಮೆಯ ದೆಸೆಯಿಂದ. ಆಯೋಗವೇ ಕೋರ್ಟಿಗೆ ಕೊಟ್ಟ ಲೆಕ್ಕದಂತೆ, 2019-20ರಲ್ಲಿ 173 ಇದ್ದ ಜಾತಿ ತಾರತಮ್ಯದ ದೂರುಗಳು 2023-24ರಲ್ಲಿ 378ಕ್ಕೇರಿದವು. ದೂರು ಕೊಡುವ ಧೈರ್ಯ ಮಾಡಿದವರ ಲೆಕ್ಕ ಮಾತ್ರ ಇದು.

ಸುಳ್ಳು ದೂರಿನ ವಾದವನ್ನು ತಳ್ಳಿಹಾಕಬೇಕಿಲ್ಲ, ತೂಗಿ ನೋಡಬೇಕು. 2009ರಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಚ್ರು ರ‍್ಯಾಗಿಂಗ್‌ಗೆ ಬಲಿಯಾದ ಮೇಲೆ ಅದೇ ಆಯೋಗ ಬಿಗಿ ನಿಯಮ ತಂದಿತು. ಪ್ರವೇಶದ ವೇಳೆ ವಿದ್ಯಾರ್ಥಿಯೂ ಪಾಲಕರೂ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಕಿರಿಯರು ಹಿರಿಯರ ಮೇಲೆ ಸುಳ್ಳು ದೂರು ಕೊಟ್ಟಾರು ಎಂದು ಆಗ ಯಾರೂ ರಸ್ತೆ ತಡೆಯಲಿಲ್ಲ. ಜಾತಿಯ ಮಾತು ಬಂದಾಗ ಮಾತ್ರ ದೂರುಗಾರನೇ ಮೊದಲ ಆರೋಪಿಯಾಗುವುದು ಅನ್ಯಾಯ. ಬಡ ಬ್ರಾಹ್ಮಣ ಹುಡುಗನಿಗೂ ಲಿಂಗಾಯತ ಹುಡುಗಿಗೂ ಅವಮಾನವಾದರೆ ಕೇಳುವವರಿರಬೇಕು, ನಿಜ. ಹಾಗಿದ್ದರೆ ಅವರಿಗೂ ಬಾಗಿಲು ತೆರೆಯಿರಿ ಎಂದು ಕೇಳಬೇಕಿತ್ತು. ಇದ್ದ ಬಾಗಿಲನ್ನೇ ಮುಚ್ಚಿಸಲು ಹೋಗಬಾರದಿತ್ತು.

ಕರ್ನಾಟಕದಲ್ಲೂ ಈ ಚರ್ಚೆ ಬಿಸಿಯಾಗಿಯೇ ನಡೆದಿದೆ. 2025ರ ಏಪ್ರಿಲ್‌ನಲ್ಲಿ ರಾಹುಲ್ ಗಾಂಧಿ ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೆ ಪತ್ರ ಬರೆದರು, ರೋಹಿತ್ ಹೆಸರಿನ ಮಸೂದೆಯ ಕರಡು ಸಿದ್ಧವಾಯಿತು, ಅದರಲ್ಲಿ ಜೈಲು, ದಂಡ, ಪರಿಹಾರದ ಮಾತು ಬಂತು. ಕಾನೂನು ಬೇಕು. ಆದರೆ ಪ್ರಕರಣ ಠಾಣೆ ಮುಟ್ಟುವ ಹೊತ್ತಿಗೆ ವಿದ್ಯಾರ್ಥಿ ಓದು ಬಿಟ್ಟು ಊರಿಗೆ ಮರಳಿರುತ್ತಾನೆ. ಗಾಯ ಮಾಯಬೇಕಾದದ್ದು ಕಾಲೇಜಿನ ಒಳಗೇ.

ಅದು ಆಗದ ಕೆಲಸವಲ್ಲ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳು ಯಾವ ಜಾತಿಯವರೆಂದು ಕೇಳದೆ ಅವರಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. ಸಾಲಿನಲ್ಲಿ ಕೂತು ಉಂಡವರು ಒಟ್ಟಿಗೆ ಶ್ರುತಿ ಹಿಡಿದರು. ಸರ್ಕಾರದ ಸುತ್ತೋಲೆಗೆ ಕಾಯದೆ ಒಂದು ಸಂಸ್ಥೆ ನಡೆಸಿಕೊಂಡು ಬಂದ ಪದ್ಧತಿ ಅದು. ಅಷ್ಟು ದೂರದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಕೂಡ 2022ರ ಜನವರಿಯಲ್ಲಿ ತನ್ನ ತಾರತಮ್ಯ ವಿರೋಧಿ ನೀತಿಗೆ ಜಾತಿಯನ್ನು ಸೇರಿಸಿತು. ನಮ್ಮವರು ಒಯ್ದ ಜಾತಿಗೆ ಅಲ್ಲಿಯವರು ನಿಯಮ ಬರೆಯಬೇಕಾಯಿತು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪಾಲಕರು ಹೊಸ ಕಾನೂನಿಗೆ ಕಾಯಬೇಕಾಗಿಲ್ಲ. ಮಕ್ಕಳ ಪ್ರವೇಶಕ್ಕೆ ಹೋದಾಗ ಪ್ರಾಂಶುಪಾಲರಿಗೆ ಒಂದು ಪ್ರಶ್ನೆ ಕೇಳಿ: ನಿಮ್ಮ ಕಾಲೇಜಿನ ತಾರತಮ್ಯ ತಡೆ ಅಧಿಕಾರಿ ಯಾರು? ಹೆಸರು, ಫೋನ್ ನಂಬರ್ ನೋಟಿಸ್ ಬೋರ್ಡಿನ ಮೇಲೆ ಇರದಿದ್ದರೆ ಬರೆಸಿ, ಬರೆದದ್ದನ್ನು ನೋಡಿಯೇ ಶುಲ್ಕ ಕಟ್ಟಿ.