ಅರಮನೆಯ ಶಿಲ್ಪ, ಮನೆಯಂಗಳದ ಕಲ್ಲು

ಪ್ರವಾಸವು ಶಿಕ್ಷಣದ ಒಂದು ಅಂಗವೆಂಬುದನ್ನು ಇಂದು ಯಾರೂ ಅಲ್ಲಗಳೆಯಲಾರರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ಶಾಲೆಗಳಿಗೆ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವು ಸಮೀಪದ ಪ್ರವಾಸಸ್ಥಳವಾಗಿದೆ. ಆದರೆ ಅಲ್ಲಿಗೆ ಹೋದ ಮಕ್ಕಳು ನೋಡಿ ಬರುವುದೇನನ್ನು? ಗಡಿಯಾರದ ಬೊಂಬೆ ಗಂಟೆ ಬಾರಿಸುವುದನ್ನು ಕಂಡು, ಹತ್ತಾರು ಕೋಣೆಗಳನ್ನು ಅವಸರದಲ್ಲಿ ಸುತ್ತಿ, ಚಾರ್‌ಮಿನಾರಿನತ್ತ ಧಾವಿಸುವುದೇ ವಾಡಿಕೆ. ಇದರಿಂದ ಕಾಲು ದಣಿಯುವುದೇ ಹೊರತು ಕಣ್ಣು ತೆರೆಯದು.

ಆ ಸಂಗ್ರಹವು ಈ ಭಾಗದವರಿಗೆ ಪರಕೀಯವಾದುದಲ್ಲ. 1948ರವರೆಗೆ ಈ ಊರುಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಸಾಲಾರ್ ಜಂಗರು ಅದರ ದಿವಾನರ ಮನೆತನದವರು. ಒಂದನೆಯ ಸಾಲಾರ್ ಜಂಗರು ದಿವಾನರಾಗಿದ್ದಾಗಲೇ, 1874ರಲ್ಲಿ, ವಾಡಿ–ಸಿಕಂದರಾಬಾದ್ ರೈಲುಮಾರ್ಗ ಆರಂಭವಾಯಿತು. ಎರಡು ವರ್ಷಗಳ ತರುವಾಯ ಅವರು ರೋಮಿನಲ್ಲಿ ಬೆಂಜೋನಿ ಎಂಬ ಶಿಲ್ಪಿಯ ‘ಮುಸುಕಿನ ರೆಬೆಕ್ಕಾ’ ಮೂರ್ತಿಯನ್ನು ಕೊಂಡರು. ಮೂರನೆಯ ಸಾಲಾರ್ ಜಂಗರು ಸಂಪತ್ತನ್ನೆಲ್ಲ ಕಲಾಸಂಗ್ರಹಕ್ಕೆ ಸುರಿದು 1949ರಲ್ಲಿ ನಿಧನರಾದರು. 1951ರಲ್ಲಿ ಅವರ ಅರಮನೆಯಾದ ದಿವಾನ್ ದೇವಡಿಯಲ್ಲಿಯೇ ಅದು ಸಾರ್ವಜನಿಕರಿಗೆ ತೆರೆಯಿತು. 1968ರಲ್ಲಿ ಮೂಸಿ ನದಿಯ ದಡದ ಈಗಿನ ಕಟ್ಟಡಕ್ಕೆ ಸ್ಥಳಾಂತರಗೊಂಡಿತು.

ರೆಬೆಕ್ಕಾ ಬೈಬಲ್ಲಿನ ಕಥೆಯ ಕನ್ಯೆ. ಭಾವೀ ಪತಿಯನ್ನು ದೂರದಿಂದ ಕಂಡೊಡನೆ ಮುಸುಕೆಳೆದುಕೊಂಡವಳು. ಮುಸುಕಿನೊಳಗಿಂದ ಅವಳ ಮೊಗ ಕಾಣುವಂತಿದೆ. ಆದರೆ ಬಟ್ಟೆಯೂ ಮೊಗವೂ ಅಮೃತಶಿಲೆಯೇ. ಮೂಗು, ತುಟಿಗಳ ಉಬ್ಬಿನ ಮೇಲೆ ನವುರಾದ ಮಡಿಕೆಗಳನ್ನು ಕಡೆದು, ನೆಳಲು ಬೆಳಕಿನಿಂದ ಶಿಲ್ಪಿಯು ನೋಡುವವರ ಕಣ್ಣನ್ನು ನಂಬಿಸಿದ್ದಾನೆ. ಈ ಕೌಶಲಕ್ಕೆ ದೀರ್ಘ ಪರಂಪರೆಯಿದೆ. ಪುನರುಜ್ಜೀವನ ಕಾಲದ ಮೈಕೆಲೆಂಜೆಲೊ ‘ಪಿಯೆಟಾ’ದಲ್ಲಿ ಮಾತೆಯ ಉಡುಪಿನ ನೆರಿಗೆಗಳನ್ನು ಕಲ್ಲಿನಲ್ಲಿ ಮೂಡಿಸಿದನು; ಬರೋಕ್ ಪರಂಪರೆಯ ಸನ್‌ಮಾರ್ಟಿನೊ 1753ರಲ್ಲಿ ನೇಪಲ್ಸಿನಲ್ಲಿ ತೆಳುವಸ್ತ್ರ ಹೊದ್ದ ಕ್ರಿಸ್ತನನ್ನು ಕಡೆದನು.

ಶಹಾಬಾದ, ವಾಡಿಯ ಗಣಿಗಳಲ್ಲಿ ದುಡಿಯುವವರ ಮಕ್ಕಳಿಗೆ ಫರಸಿ ಕಲ್ಲು ಪದರು ಪದರಾಗಿ ಏಳುವುದು ಗೊತ್ತು. ಹಾಗೆ ಪದರೇಳದ ಕಲ್ಲಿನಲ್ಲಿ ಇಷ್ಟು ತೆಳುವಾದ ಮುಸುಕು ಹೇಗೆ ಮೂಡಿತೆಂದು ಕೇಳುವ ಅರ್ಹತೆ ಅವರಿಗಿದೆ. ಆ ಪ್ರಶ್ನೆ ಹುಟ್ಟುವಷ್ಟು ಹೊತ್ತು ಅವರನ್ನು ಅಲ್ಲಿ ನಿಲ್ಲಿಸುವುದು ಶಿಕ್ಷಕರ ಕರ್ತವ್ಯವಲ್ಲವೇ?

ಪರದೇಶದ ಶಿಲ್ಪದಿಂದ ನಮ್ಮ ಮಕ್ಕಳಿಗೇನು ಪ್ರಯೋಜನವೆಂದು ಕೆಲವರು ಆಕ್ಷೇಪಿಸಬಹುದು. ನೋಡುವ ವಿದ್ಯೆ ಇಲ್ಲದಿದ್ದರೆ ಸ್ವದೇಶದ ಶಿಲ್ಪವೂ ಕಾಣದೆಂಬುದೇ ಅದಕ್ಕೆ ಉತ್ತರ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಛಾವಣಿ ಕುಸಿದಾಗ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯು ಅಶೋಕನ ಶಾಸನವೆಂದು ಬೆಳಕಿಗೆ ಬಂದಿತು. ತಲೆಮಾರುಗಳ ಭಕ್ತರು ಅದರ ಮುಂದೆ ಕೈಮುಗಿದಿದ್ದರು. ಅದರ ಅಕ್ಷರಗಳನ್ನು ಕಂಡವರಿರಲಿಲ್ಲ. ಸಮೀಪದ ಕನಗನಹಳ್ಳಿಯ ಸ್ತೂಪದ ಅವಶೇಷಗಳಲ್ಲಿ ಅಶೋಕನ ಹೆಸರು ಕೊರೆದ ಅವನ ಉಬ್ಬುಶಿಲ್ಪವೇ ದೊರೆತಿದೆ. ಅದನ್ನು ಕಡೆದಿರುವುದು ಈ ನಾಡಿನ ಸುಣ್ಣಕಲ್ಲಿನಲ್ಲಿಯೇ. ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿತ್ತು; ಕಾಗಿಣಾ ದಡದ ಆ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ಮಾತ್ರ ಕಂಡ ವಿದ್ಯಾರ್ಥಿಗಳೆಷ್ಟು ಮಂದಿಯೋ!

ಆದುದರಿಂದ ಪ್ರವಾಸದ ಕ್ರಮವೇ ಬದಲಾಗಬೇಕು. ಎಲ್ಲವನ್ನೂ ತೋರಿಸುವ ಹಂಬಲವನ್ನು ಬಿಟ್ಟು ಮೂರೋ ನಾಲ್ಕೋ ಕೃತಿಗಳನ್ನು ಆರಿಸಬೇಕು. ಅವುಗಳ ಕಥೆಯನ್ನು ತರಗತಿಯಲ್ಲಿ ಮೊದಲೇ ಹೇಳಿರಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಕೃತಿಯ ಮುಂದೆ ಅರ್ಧ ಗಂಟೆ ನಿಂತು, ಕಂಡುದನ್ನು ಬರೆದುಕೊಳ್ಳಬೇಕು. ಮರಳಿ ಬಂದ ತಿಂಗಳೊಳಗೆ ಅದೇ ಮಕ್ಕಳು ಸನ್ನತಿಗೂ ಮಳಖೇಡಕ್ಕೂ ಹೋಗಿ ಅದೇ ರೀತಿ ನೋಡಬೇಕು. ವಾಡಿ, ಚಿತ್ತಾಪುರ, ಸೇಡಂ ನಿಲ್ದಾಣಗಳು ಹೈದರಾಬಾದಿನ ಮಾರ್ಗದಲ್ಲಿಯೇ ಇವೆ. ಚಿಂಚೋಳಿಯವರು ತಾಂಡೂರಿನಲ್ಲಿ ರೈಲು ಹತ್ತಬಹುದು. ದೂರವೊಂದು ನೆಪವಾಗಬಾರದು.

ಖರ್ಚಿನ ಮಾತು ನಿಜ. ಬಡ ಪಾಲಕರ ಮಕ್ಕಳೇ ಇಂಥ ಪ್ರವಾಸದಿಂದ ಹೊರಗುಳಿಯುತ್ತಾರೆ; ಗಣಿಯ ಕಲ್ಲನ್ನು ಎಲ್ಲರಿಗಿಂತ ಬಲ್ಲವರೂ ಅವರೇ. ಕೋಣೆಗಳನ್ನು ಕಟ್ಟಿಸಿಕೊಟ್ಟ ದಾನಿಗಳ ಹೆಸರು ಗೋಡೆಯ ಮೇಲೆ ಉಳಿಯುವುದು ಯೋಗ್ಯವೇ. ಆದರೆ ಅಂಥ ಮಗುವೊಂದರ ರೈಲುಚೀಟಿಗೆ ನೀಡಿದ ಹಣವೂ ಕಟ್ಟಡಕ್ಕೆ ನೀಡಿದ ದಾನಕ್ಕಿಂತ ಕಡಿಮೆಯಲ್ಲ. ಹಳೆಯ ವಿದ್ಯಾರ್ಥಿಗಳೂ ಈ ಕಾರ್ಯಕ್ಕೆ ಕೈಜೋಡಿಸಲಿ. ಮುಂದೆ ಯಾವುದಾದರೊಂದು ಹೊಲದ ಬದುವಿನಲ್ಲಿ ಅಕ್ಷರವಿರುವ ಕಲ್ಲು ಸಿಕ್ಕರೆ, ಅದನ್ನು ಮೆಟ್ಟಿಲಿಗೆ ಹಾಕದೆ ನಿಂತು ನೋಡುವ ಒಬ್ಬನಾದರೂ ಈ ಶಾಲೆಗಳಲ್ಲಿ ಕಲಿತವನಾಗಿರಲಿ.