ಪ್ರಾಜೆಕ್ಟಿಗೆ ರೊಕ್ಕ ಬ್ಯಾಡ, ಪಡಸಾಲ್ಯಾಗ ಜಾಗಾ ಕೊಡ್ರಿ

ಹೋದ ವಾರ ನಮ್ಮ ಹಿಂದಿನ ಓಣಿಯ ವೈನಿ ಒಬ್ಬರು ಬಾಗಲಾಗ ನಿಂತು ಕೇಳಿದ್ರು: "ಅಕ್ಕಾರ, ನಿಮ್ಮ ಮಗಳು ಕಂಪ್ಯೂಟರ್ ಸೈನ್ಸ್ ಮುಗಿಸ್ಯಾಳ, ನಿಮಗ ಗೊತ್ತಿರ್ತದ. ನಮ್ಮಾಕಿ ಕಡೀ ವರ್ಷದ ಪ್ರಾಜೆಕ್ಟಿಗೆ 12 ಸಾವಿರ ಕೇಳ್ಲಿಕತ್ತಾಳ. ಅಂಗಡಿಯೊಳಗ ಎಲ್ಲಾ ತಯಾರ ಮಾಡಿ, ರಿಪೋರ್ಟ್ ಸೈತ ಬೈಂಡ್ ಮಾಡಿ ಕೊಡ್ತಾರಂತ. ಕೊಡ್ಲ್ಯೋ ಬ್ಯಾಡೋ?"

ಕೊಡಬ್ಯಾಡ್ರಿ ಅಂದೆ. ಗ್ಯಾಸಿನ ಮ್ಯಾಲೆ ಹಾಲಿತ್ತು, ಅವರಿಗೆ ಅರ್ಧಾನ ಹೇಳಿದೆ. ಉಳದದ್ದು ಇಲ್ಲೆ ಬರೀಲಿಕತ್ತೀನಿ.

ಮೊದಲು ನನ್ನ ತಪ್ಪು ಹೇಳ್ತೀನಿ. ಮೂರು ವರ್ಷದ ಹಿಂದ ನನ್ನ ಮಗಳ ಟೀಮಿನ್ಯಾಗ ಐದು ಮಂದಿ, ಮೂರು ಹುಡುಗರು, ಎರಡು ಹುಡುಗ್ಯಾರು. "ಕೋಡಿಂಗ್ ನಾವು ಮಾಡ್ತೀವಿ, ರಿಪೋರ್ಟ್ ಮತ್ತ ಪಿಪಿಟಿ ನೀವಿಬ್ರೂ ನೋಡ್ಕೋರಿ" ಅಂತ ಹುಡುಗರು ಹಂಚಿಬಿಟ್ಟಿದ್ರು. ಛೊಲೋನ ಆತು, ಸಂಜೀಕೆ ಏಳರೊಳಗ ಮನಿ ಸೇರ್ತಾಳ ಅಂತ ನಾನು ಖುಷಿಪಟ್ಟೆ. ಆಕಿ ಸುಮ್ಮನಾದ್ಲು. ನಾಕು ದಿನಾ ಬಿಟ್ಟು ಅಂದ್ಲು: "ಅಮ್ಮಾ, ಇಂಟರ್‌ವ್ಯೂದಾಗ ಪ್ರಾಜೆಕ್ಟಿನ್ಯಾಗ ನೀ ಏನು ಮಾಡಿದಿ ಅಂತ ಕೇಳಿದ್ರ, ಪೇಜಿನ ಮಾರ್ಜಿನ್ ಸರಿ ಮಾಡಿದೆ ಅಂತ ಹೇಳ್ಲೇನು?"

ಹುಡುಗರು ಕೆಟ್ಟವರಲ್ಲ. ಕೆಲಸ ನಡೀತಿದ್ದದ್ದು ಅವರ ಬಾಡಿಗಿ ರೂಮಿನ್ಯಾಗ, ರಾತ್ರಿ ಹತ್ತರ ಮ್ಯಾಲೆ. ಅಲ್ಲಿಗೆ ನನ್ನ ಮಗಳು ಹೋಗೂಹಂಗಿರಲಿಲ್ಲ. ಆಕೀನ್ನ ಕೋಡಿಂಗಿನಿಂದ ಹೊರಗ ಇಟ್ಟದ್ದು ನನ್ನ ಏಳು ಗಂಟೆಯ ನಿಯಮ. ಅದಕ್ಕ, ಶನಿವಾರ ಭಾನುವಾರ ಎಲ್ಲಾರೂ ನಮ್ಮ ಪಡಸಾಲಿಗೆ ಬರ್ರಿ ಅಂತ ಕರದೆ. ಊಟ ನಂದು, ತಾಟು ಮಾತ್ರ ಐದೂ ಮಂದಿ ತಮ್ಮ ತಮ್ಮದು ತೊಳೀಬೇಕು.

ವಿಷಯ ನಮ್ಮ ಮನ್ಯಾಗ ಸಿಕ್ತು. ನಾವು ಆರು ಮಂದಿ ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರೂದು ನಿಮಗೆಲ್ಲಾ ಗೊತ್ತದ. ಅದರ ಆರ್ಡರು, ಉದ್ರಿ ಎಲ್ಲಾ ಕಂಪ್ಯೂಟರಿನ್ಯಾಗ ಹಾಕೂದು ಅಂತ ಮಾಡಿದ್ರು. ಎಂಟು ದಿನದಾಗ ಬಣ್ಣಬಣ್ಣದ ಸ್ಕ್ರೀನು ತಯಾರಾತು. ನಾನು ನನ್ನ ವಹಿ ಹಿಡಕೊಂಡು ಕೂತೆ. ಪುಣೆಯೊಳಗಿನ ಮಗಾ ರೊಕ್ಕ ಕಳಸ್ತಾನ, ರೊಟ್ಟಿ ಹೋಗೂದು ಧಾರವಾಡದಾಗ ಇರೋ ಅವನ ತಾಯಿಗೆ. ಕಂಪ್ಯೂಟರಿಗೆ 'ಗಿರಾಕಿ' ಅಂದ್ರ ಒಬ್ಬರ ಗೊತ್ತು. ರೊಟ್ಟಿ ದರ 8 ರೂಪಾಯಿಯಿಂದ 10 ಮಾಡಿದ್ವಿ, ಹೋದ ತಿಂಗಳ ಉದ್ರಿ ಸೈತ 10ರ ಲೆಕ್ಕಕ್ಕ ಏರಿಬಿಟ್ತು. ಹಿಂಗ ಲೆಕ್ಕಾ ಹೇಳಿದ್ರ ನಾಳೆ ನಮ್ಮ ಬಾಗಲಿಗೆ ಯಾರು ಬರ್ತಾರ?

ಆವಾಗ ನನ್ನ ಮಗಳು ಲ್ಯಾಪ್‌ಟಾಪ್ ಎಲ್ಲಾ ಮುಚ್ಚಿಸಿದ್ಲು. ಮನ್ಯಾಗ ಬಿದ್ದಿದ್ದ ಹಳೇ ಲಗ್ನಪತ್ರಿಕಿ ಕತ್ತರಿಸಿ, ಬರೀ ಹಾಳಿ ಇದ್ದ ಕಡೆ ಬರೀಲಿಕ್ಕೆ ಹಚ್ಚಿದ್ಲು. ಒಂದು ಕಾರ್ಡಿಗೆ ಒಂದು ವಸ್ತು: ಅದರ ಹೆಸರು, ಅದಕ್ಕ ಏನು ಗೊತ್ತಿರಬೇಕು, ಅದು ಏನು ಕೆಲಸ ಮಾಡಬೇಕು, ಯಾರ ಸಹಾಯ ಕೇಳಬೇಕು. ಇದು ಆಟ ಅಲ್ಲ. ಕೆಂಟ್ ಬೆಕ್ ಮತ್ತ ವಾರ್ಡ್ ಕನಿಂಗ್‌ಹ್ಯಾಮ್ ಅನ್ನೋ ಇಬ್ಬರು 1989ರಲ್ಲಿ, ಈ ವಿದ್ಯಾ ಕಲಿಸ್ಲಿಕ್ಕೆ ಅಂತನ ಬರದ ಪದ್ಧತಿ. ವಿದ್ಯಾದ ಹೆಸರು ಆಬ್ಜೆಕ್ಟ್ ಓರಿಯೆಂಟೆಡ್ ಅನಾಲಿಸಿಸ್ ಮತ್ತು ಡಿಸೈನ್. ಹೆಸರು ಉದ್ದ, ಮಾತು ಸರಳ: ಕೋಡ್ ಬರಿಯೂ ಮೊದಲು, ಈ ವ್ಯವಹಾರದಾಗ ಯಾರ್ಯಾರು ಇದ್ದಾರ, ಯಾರ ಜವಾಬ್ದಾರಿ ಏನು ಅಂತ ಕಂಡುಹಿಡೀಬೇಕು. ಇದರ ಬೇರು 1960ರ ದಶಕದ ನಾರ್ವೇದಾಗ ಅದ. ಡಾಲ್ ಮತ್ತು ನ್ಯೂಗಾರ್ಡ್ ಅನ್ನೋವ್ರು ಹೊರಗಿನ ಕೆಲಸಗಳು ಹೆಂಗ ನಡೀತಾವ ಅನ್ನೂದನ್ನ ಕಂಪ್ಯೂಟರಿನ್ಯಾಗ ನಡಿಸಿ ನೋಡ್ಲಿಕ್ಕೆ ಸಿಮುಲಾ ಅನ್ನೋ ಭಾಷಾ ಮಾಡಿದ್ರು.

ಐದೂ ಮಂದಿ ಕಾರ್ಡ್ ಹಿಡಕೊಂಡು ಗುಂಡಗ ಕೂತ್ರು, ನಾನು ಗಿರಾಕಿ ಆಗಿ 50 ರೊಟ್ಟಿ ಕೇಳಿದೆ. "ದರ ಯಾರಿಗೆ ಗೊತ್ತು?" "ರೊಟ್ಟಿಗೆ ಗೊತ್ತು." "ನಾಳೆ ದರ ಏರಿದ್ರ?" ಎಲ್ಲಾರೂ ಗಪ್ಪ. ನಾನು ವಹಿ ತೆಗದು ತೋರಿಸಿದೆ, ಅವತ್ತಿನ ದರ ಅವತ್ತಿನ ಸಾಲಿನ್ಯಾಗ ಬರದಿರ್ತೀನಿ. ಹಂಗ 'ಬಿಲ್ಲಿನ ಸಾಲು' ಅಂತ ಹೊಸಾ ಕಾರ್ಡ್ ಹುಟ್ತು. ಗಿರಾಕಿ ಕಾರ್ಡ್ ಹರದು 'ರೊಕ್ಕ ಕೊಡಾವ್ರು', 'ರೊಟ್ಟಿ ತೊಗೊಳ್ಳಾವ್ರು' ಅಂತ ಎರಡು ಪಾತ್ರ ಮಾಡಿದ್ರು. ಒಬ್ಬರ ಎರಡೂ ಪಾತ್ರ ಮಾಡಬಹುದು. ಇಪ್ಪತ್ತು ವರ್ಷದಿಂದ ವಹಿ ಬರಕೋತ ಬಂದೀನಿ, ಅದರಾಗ ಇಂಜಿನಿಯರಿಂಗ್ ಅದ ಅಂತ ನನಗ ಅವತ್ತ ಗೊತ್ತಾತು.

ಟೀಮ್ ಅಂದ ಮ್ಯಾಲೆ ಜಗಳನೂ ಆದ್ವು. ಒಬ್ಬಾಂವ ಎರಡು ವಾರ ಮಾರಿ ತೋರಿಸಲಿಲ್ಲ. ಕಡೀಕೆ ಕೆಲಸಾನ ಬ್ಯಾರೆ ರೀತಿ ಹಂಚಿಕೊಂಡ್ರು: ಒಬ್ಬೊಬ್ಬರಿಗೆ ಒಂದೊಂದು ಭಾಗ, ನಮ್ಮನ್ನ ಕೇಳೂದರಿಂದ ಹಿಡದು ಕೋಡ್, ಪರೀಕ್ಷಾ, ರಿಪೋರ್ಟಿನ ಪುಟಗಳ ತನಕ ಎಲ್ಲಾ ಅವರದ. ನನ್ನ ಮಗಳಿಗೆ ಉದ್ರಿ ಬಂತು. ಕಡೀ ತಿಂಗಳು ತಡಾ ಆತು ಅಂತ ಆರನೇಯವನ್ನ ಕರಕೊಂಡ್ರು. ತಡಾ ಆದ ಕೆಲಸಕ್ಕ ಮಂದಿ ಸೇರಿಸಿದ್ರ ಇನ್ನೂ ತಡಾ ಆಗ್ತದ ಅಂತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರದಾರ. ಐದು ಮಂದಿ ಇದ್ರ ಮಾತಾಡೋ ಜೋಡಿ 10, ಆರು ಆದ್ರ 15. ಲಗ್ನದ ಅಡಗಿಮನಿಗೆ ಹೊಸಬರು ಬಂದು ಸವಟು ಎಲ್ಲಿ, ಉಪ್ಪು ಎಲ್ಲಿ ಅಂತ ಕೇಳ್ತಾರಲ್ಲ, ಹಂಗ. ಅವನಿಗೆ ತಿಳಿಸಿ ಹೇಳೂದರಾಗನ ನಾಕು ದಿನಾ ಹೋದ್ವು.

ಮಾರ್ಕ್ಸ್? ಖರೇ ಹೇಳ್ತೀನಿ, ಅಂಗಡಿಯಿಂದ ತಂದವರಿಗೇ ಹೆಚ್ಚು ಬಂದ್ವು. ಅವರದು ಪಳಪಳ ಹೊಳೀತಿತ್ತು. ಮಗಳಿಗೆ ಎರಡು ದಿನಾ ಊಟ ಸೇರಲಿಲ್ಲ. ಆದ್ರ ಇಂಟರ್‌ವ್ಯೂದಾಗ ಪ್ರಾಜೆಕ್ಟ್ ಬಗ್ಗೆ ಕೇಳಿದಾಗ ಹಾಳಿ ಇಸಗೊಂಡು ಬಿಲ್ಲಿನ ಸಾಲಿನ ಚಿತ್ರ ತಗದು ತೋರಿಸಿ ಬಂದ್ಲು. ಕೆಲಸ ಸಿಕ್ಕದ್ದು ಅದರಿಂದನ ಅಂತ ನಾನು ಹೇಳೂದಿಲ್ಲ. ಕೇಳಿದ್ದಕ್ಕ ಆಕಿ ಕಡೆ ತನ್ನದ ಅಂತ ಒಂದು ಉತ್ತರ ಇತ್ತು.

ಅದಕ್ಕ ನನ್ನ ಮಾತು ಇಷ್ಟ. ಮಕ್ಕಳು ಪ್ರಾಜೆಕ್ಟಿಗೆ ರೊಕ್ಕ ಕೇಳಿದ್ರ, ಟೀಮಿನ್ಯಾಗ ನೀ ಯಾವ ಭಾಗ ಮಾಡ್ತೀ, ಅದನ್ನ ಉಪಯೋಗಿಸೋವ್ರು ಯಾರು, ಅವರನ್ನ ಏನು ಕೇಳಿದಿ ಅಂತ ಕೇಳ್ರಿ. ಮಗಳು "ರಿಪೋರ್ಟ್ ಅಷ್ಟ" ಅಂದ್ರ ಆಕೀನ್ನ ಬೈಯೂ ಮೊದಲು ನಮ್ಮ ನಿಯಮಗಳನ್ನ ನಾವ ಒಮ್ಮೆ ನೋಡ್ಕೋಬೇಕು.

ವೈನಿ ತಮ್ಮ ಪಡಸಾಲಿ ಸಣ್ಣದು ಅಂದ್ರು. ನಮ್ಮದು ಈಗ ಖಾಲಿ ಅದ, ಶನಿವಾರ ಎಲ್ಲಾರನ್ನೂ ಕಳಸ್ರಿ ಅಂದೀನಿ. ತಾಟು ತಾವ ತೊಳೀಬೇಕು ಅಂತ ಮೊದಲ ಹೇಳಿ ಕಳಸ್ರಿ.