ಚಲಿಸುವ ಸರಾಸರಿಯೂ ಮನೆಯ ಗಂಟೂ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವವರೆಗೆ ಎಷ್ಟೋ ಕಡೆ ಬಳುಕುತ್ತಾಳೆ, ಸುಳಿಯುತ್ತಾಳೆ. ಆದರೂ ಅವಳ ಒಟ್ಟು ಗತಿ ಪೂರ್ವಾಭಿಮುಖ. ಒಂದು ಸುಳಿಯನ್ನು ಕಂಡು ಹೊಳೆಯೇ ಹಿಂದಕ್ಕೆ ಹರಿಯುತ್ತಿದೆಯೆಂದು ದಂಡೆಯ ರೈತ ಎಂದೂ ಭ್ರಮಿಸುವುದಿಲ್ಲ. ಷೇರು ಪೇಟೆಯಲ್ಲಿ ಮಾತ್ರ ಈ ವಿವೇಕ ಅಪರೂಪ. ಬೆಳಗಿನ ಏರಿಕೆಗೆ ಹಿಗ್ಗಿ ಕೊಂಡವನು ಸಂಜೆಯ ಇಳಿಕೆಗೆ ಕುಗ್ಗಿ ಮಾರುತ್ತಾನೆ.

1963ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಷೇರು ವಿನಿಮಯ ಕೇಂದ್ರ 2014ರಲ್ಲಿ ತೆರೆಮರೆಗೆ ಸರಿಯಿತು. ಇಂದು ಪೇಟೆಯೇ ಅಂಗೈಯಲ್ಲಿದೆ. ಬೆಳಗಾವಿಯ ಗುಮಾಸ್ತನೂ ಖಾನಾಪುರದ ಶಿಕ್ಷಕನೂ ಮೊಬೈಲಿನ ತೆರೆಯ ಮೇಲೆ ಬೆಲೆಯ ನಕ್ಷೆಯನ್ನು ನೋಡಬಲ್ಲರು. ಆ ನಕ್ಷೆಯ ನಡುವೆ ನಿಧಾನವಾಗಿ ಬಾಗುತ್ತ ಸಾಗುವ ಒಂದು ಗೆರೆಯುಂಟು. ಅದೇ ಚಲಿಸುವ ಸರಾಸರಿ.

ಅದರ ಲೆಕ್ಕ ಶಾಲೆಯ ಹುಡುಗನಿಗೂ ಎಟುಕುವಂಥದು. ಒಂದು ಷೇರಿನ ಐದು ದಿನಗಳ ಬೆಲೆ 100, 102, 104, 103, 106 ರೂಪಾಯಿ ಎಂದಿರಲಿ. ಒಟ್ಟು 515, ಸರಾಸರಿ 103. ಆರನೆಯ ದಿನ ಬೆಲೆ 108 ಆದರೆ ಮೊದಲ ದಿನದ 100 ಉದುರಿ 108 ಸೇರುತ್ತದೆ, ಸರಾಸರಿ 104.60 ಆಗುತ್ತದೆ. ಹೀಗೆ 50 ದಿನ, 200 ದಿನಗಳ ಲೆಕ್ಕವನ್ನೂ ಹಾಕುವುದುಂಟು. ಬೆಲೆ ಗೆರೆಯ ಮೇಲಿದ್ದರೆ ಷೇರನ್ನು ಇಟ್ಟುಕೊಳ್ಳುವುದು, ಕೆಳಗಿಳಿದರೆ ಬಿಟ್ಟುಕೊಡುವುದು: ಪ್ರವಾಹವನ್ನು ಅನುಸರಿಸುವವರ ಸೂತ್ರ ಇಷ್ಟೇ.

ಈ ಸೂತ್ರದ ಗುಣದೋಷಗಳೆರಡನ್ನೂ 2020ನೆಯ ವರ್ಷ ಸ್ಪಷ್ಟವಾಗಿ ತೋರಿಸಿತು. ಜನವರಿಯಲ್ಲಿ 12,300ರ ಮೇಲಿದ್ದ ನಿಫ್ಟಿ ಸೂಚ್ಯಂಕ ಫೆಬ್ರುವರಿಯ ಕೊನೆಗೆ 11,200ರ ಆಸುಪಾಸಿಗೆ ಇಳಿದು, 200 ದಿನಗಳ ಸರಾಸರಿಗಿಂತ ಕೆಳಗಾಯಿತು. ಆಗ ಹೊರಬಂದವನಿಗೆ ನಷ್ಟವಾಯಿತು, ನಿಜ. ಆದರೆ ಮಾರ್ಚ್ 23ರಂದು ಸೂಚ್ಯಂಕ 7,610ಕ್ಕೆ ಕುಸಿದಾಗ ಅವನು ದಂಡೆಯ ಮೇಲಿದ್ದ. ಮತ್ತೆ ಗೆರೆಯನ್ನು ದಾಟಿ ಮೇಲೇರಿದ್ದು ಜುಲೈ ತಿಂಗಳಲ್ಲಿ, 11,000ದ ಸಮೀಪದಲ್ಲಿ. ನಡುವಣ ಮೂರು ಸಾವಿರಕ್ಕೂ ಮಿಕ್ಕ ಅಂಶಗಳ ಏರಿಕೆ ಅವನ ಪಾಲಿಗೆ ದಕ್ಕಲಿಲ್ಲ. ಸರಾಸರಿ ನಡೆದುಹೋದುದರ ಲೆಕ್ಕವೇ ಹೊರತು ಮುಂದಾಗುವುದರ ಭವಿಷ್ಯವಲ್ಲ. ಒಮ್ಮೊಮ್ಮೆ ಅದರ ಎಚ್ಚರಿಕೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದಂತೆಯೇ ಸರಿ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಬೆಲೆ ಏರದೆ ಇಳಿಯದೆ ತಿಂಗಳುಗಟ್ಟಲೆ ನಿಂತಲ್ಲೇ ತೂಗುವಾಗ ಗೆರೆ ಇಂದು ಕೊಳ್ಳೆನ್ನುತ್ತದೆ, ನಾಳಿದ್ದು ಮಾರೆನ್ನುತ್ತದೆ. ಪ್ರತಿ ಬಾರಿಯೂ ನೂರಕ್ಕೆ ಮೂರರಂತೆ ನಾಲ್ಕು ಸಲ ಸೋತರೆ ಒಂದು ಲಕ್ಷ ರೂಪಾಯಿ ಸುಮಾರು 88,500ಕ್ಕೆ ಇಳಿಯುತ್ತದೆ. ದಲ್ಲಾಳಿ ಮತ್ತು ತೆರಿಗೆ ಬೇರೆ. ಬೇಸತ್ತು ಸೂತ್ರವನ್ನೇ ಬಿಟ್ಟ ಮೇಲೆ ನಿಜವಾದ ಏರಿಕೆ ಬರುವುದೂ ಉಂಟು.

ಇದರ ಜೊತೆಗೆ ಸಾಲದ ಬಲದಿಂದ ವಾಯಿದೆ ವ್ಯಾಪಾರಕ್ಕೆ ಇಳಿದವರ ಪಾಡನ್ನು ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ಒಂದು ಕೋಟಿಗೂ ಮಿಕ್ಕಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರು. ತಲಾ ನಷ್ಟ ಸರಾಸರಿ ಎರಡು ಲಕ್ಷ ರೂಪಾಯಿ. ಅವರಲ್ಲಿ ನಕ್ಷೆಯ ಗೆರೆಗಳನ್ನು ನಂಬಿದವರು ಇರಲಿಲ್ಲವೆನ್ನಲಾದೀತೆ?

ಹಾಗೆಂದು ಗೆರೆಯನ್ನು ಅಳಿಸಬೇಕಾಗಿಲ್ಲ. ಅದರ ನಿಜವಾದ ಪ್ರಯೋಜನ ಲಾಭವನ್ನು ಹೇಳುವುದರಲ್ಲಿಲ್ಲ, ಮನಸ್ಸನ್ನು ಹಿಡಿದಿಡುವುದರಲ್ಲಿದೆ. ಎಲ್ಲಿ ಹೊರಬರಬೇಕೆಂಬುದನ್ನು ಕೊಳ್ಳುವ ಮೊದಲೇ ಗೊತ್ತುಮಾಡಿಕೊಂಡವನು ಆಸೆಗೂ ಭಯಕ್ಕೂ ಅಷ್ಟು ಬೇಗ ಬಲಿಯಾಗುವುದಿಲ್ಲ. ಆದರೆ ಎಷ್ಟು ಹಣ ಹೂಡಬೇಕೆಂಬುದನ್ನು ಯಾವ ಸರಾಸರಿಯೂ ಹೇಳದು. ಅದನ್ನು ಹೇಳಬಲ್ಲವಳು ಮನೆಯೊಡತಿ. "ರೀ, ಮಗಳ ಮದುವೀಗಂತ ಇಟ್ಟ ರೊಕ್ಕ ಇದರಾಗ ಹಾಕಿಲ್ಲಲ್ಲ?" ಎಂದು ಅವಳು ಕೇಳಿದರೆ ತಡವರಿಸದೆ ಉತ್ತರ ಕೊಡಬಲ್ಲ ಗೃಹಸ್ಥ ಮಾತ್ರ ನಕ್ಷೆಯನ್ನು ತೆರೆಯಲಿ. ಉಳಿದವರಿಗೆ ಅಂಚೆ ಕಚೇರಿಯ ಪಾಸುಪುಸ್ತಕವೇ ಕ್ಷೇಮ.